ನಿತ್ಯದ ಕುರಿಮರಿ, ನಿತ್ಯದ ಬೂದಿ: ಸರ್ವಾಂಗಹೋಮದಿಂದ ವೈಯಕ್ತಿಕ ಭಕ್ತಿಗೆ ಏನು ಕಲಿಯಬಹುದು?

ಪ್ರಶ್ನೆ: ನಾನು ಆಸ್ಪತ್ರೆಯಲ್ಲಿ ಪಾಳಿ ಕೆಲಸ ಮಾಡುವ ನರ್ಸ್. ಪ್ರತಿ ವರ್ಷ ಕನ್ವೆನ್ಷನ್ ಕೂಟದಲ್ಲಿ ‘ನನ್ನನ್ನು ಪೂರ್ತಿಯಾಗಿ ಒಪ್ಪಿಸಿಕೊಡುತ್ತೇನೆ’ ಎಂದು ಪ್ರಾರ್ಥಿಸುತ್ತೇನೆ. ಮಾರನೆಯ ದಿನದಿಂದಲೇ ಒಂದು ಗಂಟೆ ಬೈಬಲ್, ಒಂದು ಗಂಟೆ ಪ್ರಾರ್ಥನೆ ಎಂದು ಶುರು ಮಾಡುತ್ತೇನೆ. ಎರಡು ವಾರದಲ್ಲಿ ನಿಂತುಹೋಗುತ್ತದೆ. ಈ ಸಲ ಸತ್ಯವೇದವನ್ನು ಮೊದಲಿನಿಂದ ಓದುತ್ತಾ ಬಂದು ಯಾಜಕಕಾಂಡದಲ್ಲಿ ಸಿಕ್ಕಿಕೊಂಡಿದ್ದೇನೆ. ಪ್ರಾಣಿಯನ್ನು ಪೂರ್ತಿ ಸುಡುವ ಸರ್ವಾಂಗಹೋಮ ಪೂರ್ಣ ಸಮರ್ಪಣೆಯ ಗುರುತು ಎಂದು ಪ್ರಸಂಗಗಳಲ್ಲಿ ಕೇಳಿದ್ದೇನೆ. ಆದರೆ ಯೇಸು ಒಂದೇ ಸಾರಿ ಬಲಿಯಾದ ಮೇಲೆ ಈ ರಕ್ತ, ಕೊಬ್ಬು, ಬೂದಿಯ ವಿವರವೆಲ್ಲ ನಮಗೆ ಯಾಕೆ? ನನ್ನ ದಿನದ ಪ್ರಾರ್ಥನೆಗೆ ಇದರಿಂದ ಪ್ರಯೋಜನ ಉಂಟೇ?

ಉತ್ತರ: ಉಂಟು, ಸಹೋದರಿ. ನಿಮಗೆ ಬೇಕಾದದ್ದು ಯಾಜಕಕಾಂಡದ ಒಂದನೇ ಅಧ್ಯಾಯದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಆರನೇ ಅಧ್ಯಾಯದಲ್ಲಿದೆ. ಪ್ರಸಂಗಗಳಲ್ಲಿ ನಾವು ಕೇಳುವುದು ಬಹುಪಾಲು ಒಂದನೇ ಅಧ್ಯಾಯದ ಮಾತು: ಪ್ರಾಣಿ ಪೂರ್ತಿಯಾಗಿ ಸುಟ್ಟುಹೋಯಿತು, ಹಾಗೆಯೇ ನೀನೂ ಪೂರ್ತಿಯಾಗಿ ಒಪ್ಪಿಸಿಕೊಡು ಎಂದು. ಅದು ಸರಿಯೇ. ಆದರೆ ಆ ಬೆಂಕಿ ಮರುದಿನವೂ ಉರಿಯುವುದಕ್ಕೆ ಏನೇನು ಮಾಡಬೇಕಿತ್ತು ಎಂಬ ಭಾಗವನ್ನು ಯಾರೂ ಹೇಳುವುದಿಲ್ಲ. ನಿಮ್ಮ ಎರಡು ವಾರದ ಸಮಸ್ಯೆ ಇರುವುದೂ ಅಲ್ಲಿಯೇ.

ಮೊದಲು ವಿಧಿಯನ್ನು ನೋಡೋಣ. ಇಸ್ರಾಯೇಲ್ಯರಿಗೆ ಐದು ಬಗೆಯ ಅರ್ಪಣೆಗಳಿದ್ದವು: ಸರ್ವಾಂಗಹೋಮ, ಧಾನ್ಯನೈವೇದ್ಯ, ಸಮಾಧಾನಯಜ್ಞ, ದೋಷಪರಿಹಾರಕಯಜ್ಞ, ಪ್ರಾಯಶ್ಚಿತ್ತಯಜ್ಞ. ಸಮಾಧಾನಯಜ್ಞದಲ್ಲಿ ಕೊಬ್ಬು ಯಜ್ಞವೇದಿಗೆ, ಎದೆಯ ಭಾಗ ಮತ್ತು ಬಲತೊಡೆ ಯಾಜಕರಿಗೆ, ಮಿಕ್ಕ ಮಾಂಸ ತಂದವನ ಮನೆಯವರ ಊಟಕ್ಕೆ. ಧಾನ್ಯನೈವೇದ್ಯದಲ್ಲಿ ಒಂದು ಹಿಡಿ ಬೆಂಕಿಗೆ, ಉಳಿದದ್ದು ಯಾಜಕರಿಗೆ. ಸರ್ವಾಂಗಹೋಮದಲ್ಲಾದರೋ ತಂದವನಿಗಾಗಲಿ ಯಾಜಕನಿಗಾಗಲಿ ತಿನ್ನಲು ಒಂದು ತುತ್ತೂ ಉಳಿಯುತ್ತಿರಲಿಲ್ಲ. ಚರ್ಮವೊಂದು ಯಾಜಕನಿಗೆ ಸಲ್ಲುತ್ತಿತ್ತು (7ನೇ ಅಧ್ಯಾಯದ 8ನೇ ವಚನ), ಉಳಿದದ್ದೆಲ್ಲ ಹೊಗೆಯಾಗಿ ಮೇಲಕ್ಕೆ. ಮಾಂಸ ಅಪರೂಪವಾಗಿದ್ದ ಆ ಕಾಲದಲ್ಲಿ ಹಿಂಡಿನ ಒಳ್ಳೆಯ ಗಂಡನ್ನು ಹೀಗೆ ಪೂರ್ತಿ ಸುಡುವುದೆಂದರೆ ಲಾಭವಿಲ್ಲದ ಕೊಡುಗೆ. ನನಗೂ ಸ್ವಲ್ಪ ಸಿಗಲಿ ಎಂಬ ಲೆಕ್ಕ ಅಲ್ಲಿ ನಡೆಯುತ್ತಿರಲಿಲ್ಲ.

ಯಜ್ಞವೇದಿ ನಾವು ಊಹಿಸುವಷ್ಟು ಚಿಕ್ಕದಲ್ಲ. ವಿಮೋಚನಕಾಂಡ 27ರ ಪ್ರಕಾರ ಉದ್ದ ಅಗಲ ಐದೈದು ಮೊಳ, ಎತ್ತರ ಮೂರು ಮೊಳ. ಮೊಳಕ್ಕೆ 45 ಸೆಂಟಿಮೀಟರ್ ಹಿಡಿದರೆ ಒಂದೊಂದು ಬದಿ ಸುಮಾರು ಎರಡೂಕಾಲು ಮೀಟರ್, ಎತ್ತರ ದೊಡ್ಡವರ ಎದೆಮಟ್ಟ. ನೆಗೇವ್ ಪ್ರದೇಶದ ತೇಲ್ ಅರಾದ್‌ನಲ್ಲಿ ಯೆಹೂದ ರಾಜ್ಯದ ಕಾಲದ ಕೋಟೆಯೊಳಗೆ ಅಗೆದು ತೆಗೆದ ವೇದಿಯೂ ಹೆಚ್ಚುಕಡಿಮೆ ಇದೇ ಅಳತೆಯದು, ಉಳಿ ಮುಟ್ಟಿಸದ ಕಲ್ಲುಗಳಿಂದ ಕಟ್ಟಿದ್ದು.

ಇನ್ನು ಯಾರು ಏನು ಮಾಡುತ್ತಿದ್ದರು ಎಂಬುದನ್ನು ನಿಧಾನವಾಗಿ ಓದಿ. ಒಂದನೇ ಅಧ್ಯಾಯದಲ್ಲಿ ಇದು ತುಂಬ ಸ್ಪಷ್ಟವಾಗಿದೆ, ಆದರೂ ಓದುವಾಗ ಜಾರಿಹೋಗುತ್ತದೆ. ತಂದವನು ಪ್ರಾಣಿಯನ್ನು ದೇವದರ್ಶನದ ಗುಡಾರದ ಬಾಗಿಲಿಗೆ ತರುತ್ತಾನೆ. ಅದರ ತಲೆಯ ಮೇಲೆ ಕೈಯಿಡುತ್ತಾನೆ. ತಾನೇ ವಧಿಸುತ್ತಾನೆ. ತಾನೇ ಚರ್ಮ ಸುಲಿದು ತುಂಡು ಮಾಡುತ್ತಾನೆ. ಕರುಳು ಕಾಲುಗಳನ್ನು ನೀರಿನಲ್ಲಿ ತೊಳೆಯುತ್ತಾನೆ. ಯಾಜಕರ ಪಾಲು ಬೇರೆ: ರಕ್ತವನ್ನು ವೇದಿಯ ಸುತ್ತಲೂ ಎರಚುವುದು, ಬೆಂಕಿ ಇಡುವುದು, ಕಟ್ಟಿಗೆ ಜೋಡಿಸುವುದು, ತುಂಡುಗಳನ್ನೂ ತಲೆಯನ್ನೂ ಕೊಬ್ಬನ್ನೂ ಅದರ ಮೇಲೆ ಕ್ರಮವಾಗಿ ಇಟ್ಟು ಹೋಮಮಾಡುವುದು. ಹೋರಿಯೊಂದನ್ನು ಸುಲಿದು ತುಂಡು ಮಾಡುವುದು ಮೈಕೈಯೆಲ್ಲ ರಕ್ತವಾಗುವ, ಬೆವರಿಳಿಸುವ ಕೆಲಸ. ಪಾಪದೊಡನೆ ದೇವರ ಬಳಿಗೆ ಬರುವುದು ಎಷ್ಟು ಗಂಭೀರ ಎಂಬುದು ಅವನ ಕೈಗೇ ತಿಳಿಯುತ್ತಿತ್ತು. ಪಾದ್ರಿಯವರು ಪ್ರಾರ್ಥಿಸಿದರು, ಗಾಯಕರು ಹಾಡಿದರು, ನಾನು ಆಮೆನ್ ಹೇಳಿದೆ ಎಂಬಲ್ಲಿಗೆ ಮುಗಿಯುವ ಭಕ್ತಿಗೆ ಈ ಅಧ್ಯಾಯದಲ್ಲಿ ಜಾಗವಿಲ್ಲ. ಸಭೆಯ ಆರಾಧನೆ ಬೇಕೇ ಬೇಕು, ಆದರೆ ನಿಮ್ಮ ಪಾಲಿನ ಕೆಲಸವನ್ನು ಸಭೆ ಮಾಡಿಕೊಡಲಾರದು.

ಇಲ್ಲಿ ಒಂದು ಎಚ್ಚರಿಕೆ. ತಲೆಯೆಂದರೆ ನಮ್ಮ ಆಲೋಚನೆ, ಕೊಬ್ಬೆಂದರೆ ಬಲ, ಕರುಳೆಂದರೆ ಒಳಮನಸ್ಸು, ಕಾಲೆಂದರೆ ನಡತೆ ಎಂದು ಪ್ರತಿಯೊಂದು ಅಂಗಕ್ಕೂ ಅರ್ಥ ಹಚ್ಚುವ ಪದ್ಧತಿ ನಮ್ಮ ಕೂಟಗಳಲ್ಲಿ ಬಹಳ. ವಾಕ್ಯ ಹಾಗೆ ಹೇಳಿಲ್ಲ. ಕರುಳಿನಲ್ಲಿ ಸಗಣಿಯಿರುತ್ತದೆ, ಕಾಲಿಗೆ ಕೆಸರು ಮೆತ್ತಿರುತ್ತದೆ. ಹೊಲಸನ್ನು ಯಜ್ಞವೇದಿಗೆ ಏರಿಸಬಾರದು, ಆದ್ದರಿಂದ ತೊಳೆಯಬೇಕು. ಅಷ್ಟು ಸಾಕು. ಈ ಉತ್ತರದಲ್ಲಿ ಮುಂದೆ ಹೇಳುವ ಅನ್ವಯಗಳನ್ನೂ ಅನ್ವಯಗಳೆಂದೇ ತೆಗೆದುಕೊಳ್ಳಿ, ಮೋಶೆ ಬರೆದಾಗ ಮನಸ್ಸಿನಲ್ಲಿಟ್ಟಿದ್ದ ಗುಪ್ತಾರ್ಥಗಳೆಂದಲ್ಲ.

ಯೇಸು ಒಂದೇ ಸಾರಿ ಬಲಿಯಾದ ಮೇಲೆ ಯಾಕೆ ಎಂದು ಕೇಳಿದ್ದೀರಿ. ಪಾಪಪರಿಹಾರಕ್ಕಾಗಿ ನೀವು ಮತ್ತೆ ಏನನ್ನೂ ಅರ್ಪಿಸಬೇಕಾಗಿಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆಯ 10ನೇ ಅಧ್ಯಾಯ 40ನೇ ಕೀರ್ತನೆಯನ್ನು ಎತ್ತಿಕೊಂಡು, ಸರ್ವಾಂಗಹೋಮಗಳ ಬದಲಿಗೆ ದೇವರ ಚಿತ್ತವನ್ನು ನೆರವೇರಿಸಲು ಬಂದ ಕ್ರಿಸ್ತನ ದೇಹ ಒಂದೇ ಸಾರಿ ಸಮರ್ಪಿತವಾಯಿತು ಎಂದು ಹೇಳಿ ಆ ಬಾಗಿಲನ್ನು ಮುಚ್ಚುತ್ತದೆ. ಎಫೆಸದವರಿಗೆ 5:2ರಲ್ಲಿ ಪೌಲ ಕ್ರಿಸ್ತನ ಮರಣವನ್ನೇ ಸುವಾಸನೆಯ ಯಜ್ಞ ಎನ್ನುತ್ತಾನೆ. ಆದರೆ ಅದೇ ಪೌಲ ರೋಮಾಪುರದವರಿಗೆ ಬರೆಯುವಾಗ ಹನ್ನೊಂದು ಅಧ್ಯಾಯ ದೇವರ ಕನಿಕರವನ್ನು ವಿವರಿಸಿ, ಹನ್ನೆರಡನೆಯದರ ಮೊದಲ ವಚನದಲ್ಲಿ ನಿಮ್ಮ ದೇಹಗಳನ್ನು ಸಜೀವಯಜ್ಞವಾಗಿ ಅರ್ಪಿಸಿರಿ ಎಂದು ಬೇಡಿಕೊಳ್ಳುತ್ತಾನೆ. ಆ ಹನ್ನೊಂದು ಅಧ್ಯಾಯ ಮೊದಲು, ಈ ಒಂದು ವಚನ ಆಮೇಲೆ. ಈ ಕ್ರಮ ತಿರುಗಿದರೆ ಬೆಳಗಿನ ಪ್ರಾರ್ಥನೆ ದೇವರನ್ನು ಒಲಿಸಿಕೊಳ್ಳುವ ಕಂತು ಆಗಿಬಿಡುತ್ತದೆ. ಒಂದು ದಿನ ತಪ್ಪಿದರೆ ಭಯ, ಮೂರು ದಿನ ತಪ್ಪಿದರೆ ನಾಚಿಕೆ, ಹತ್ತು ದಿನ ತಪ್ಪಿದರೆ ಮತ್ತೆ ಆ ಕಡೆ ಸುಳಿಯುವುದೇ ಬೇಡ ಎನಿಸುತ್ತದೆ. ನೀವು ಬರೆದ ರೀತಿಯಲ್ಲಿ ನಿಂತುಹೋಗುವ ಅನೇಕರ ಅಡಿಪಾಯದಲ್ಲಿ ಈ ಬಿರುಕಿರುತ್ತದೆ. ನೀವು ಅರ್ಪಿಸುವುದು ಅಂಗೀಕಾರವಾದ ಮೇಲೆ, ಅಂಗೀಕಾರಕ್ಕಾಗಿ ಅಲ್ಲ.

ಈಗ ನಿತ್ಯದ ಹೋಮಕ್ಕೆ ಬರೋಣ. ವಿಮೋಚನಕಾಂಡ 29:38–42 ಮತ್ತು ಅರಣ್ಯಕಾಂಡ 28:3–8 ಎರಡನ್ನೂ ತೆರೆದಿಟ್ಟುಕೊಳ್ಳಿ. ಪ್ರತಿದಿನ ಒಂದು ವರ್ಷದ ಎರಡು ಕುರಿಮರಿ, ಬೆಳಿಗ್ಗೆ ಒಂದು, ಸಂಜೆ ಒಂದು. ಪ್ರತಿಯೊಂದರ ಜೊತೆಗೆ ಏಫಾ ಅಳತೆಯ ಹತ್ತರಲ್ಲೊಂದು ಪಾಲು ಗೋದಿಹಿಟ್ಟು, ಅಂದರೆ ನಮ್ಮ ಲೆಕ್ಕದಲ್ಲಿ ಎರಡು ಲೀಟರಿನ ಪಾತ್ರೆ ತುಂಬುವುದಕ್ಕಿಂತ ತುಸು ಹೆಚ್ಚು. ಅದಕ್ಕೆ ಕಲಸಲು ಕಾಲು ಹಿನ್ ಶುದ್ಧ ಎಣ್ಣೆ, ಹೊಯ್ಯಲು ಕಾಲು ಹಿನ್ ದ್ರಾಕ್ಷಾರಸ. ಎರಡೂ ಹತ್ತಿರಹತ್ತಿರ ಒಂದೊಂದು ಲೀಟರ್. ಗಮನಿಸಿ, ನಿತ್ಯದ ಅರ್ಪಣೆಗೆ ಹೋರಿ ಕೇಳಲಿಲ್ಲ. ಇಡೀ ಜನಾಂಗದ ಹೆಸರಿನಲ್ಲಿ ಹೊತ್ತಿಗೊಂದು ಮರಿ. ಅರ್ಪಣೆ ಚಿಕ್ಕದು, ಹೊತ್ತು ನಿಶ್ಚಿತ, ಬಿಡುವು ಇಲ್ಲ. ವಾರದ ವಿಶ್ರಾಂತಿದಿನವಾದ ಸಬ್ಬತ್ತಿನ ಹೆಚ್ಚುವರಿಯನ್ನು ಸೇರಿಸದೆಯೇ ವರ್ಷಕ್ಕೆ ಏಳುನೂರಕ್ಕೂ ಹೆಚ್ಚು ಮರಿಗಳು.

ಹಬ್ಬಗಳಲ್ಲಿ ದೊಡ್ಡ ಅರ್ಪಣೆಗಳಿದ್ದವು. ಅಮಾವಾಸ್ಯೆ ಕಳೆದು ತಿಂಗಳು ಹುಟ್ಟುವ ದಿನ ಎರಡು ಹೋರಿ, ಒಂದು ಟಗರು, ಏಳು ಕುರಿಮರಿ. ಪರ್ಣಶಾಲೆಗಳ ಹಬ್ಬದಲ್ಲಿ ಮೊದಲ ದಿನ ಹದಿಮೂರು ಹೋರಿ, ಮರುದಿನ ಹನ್ನೆರಡು, ಹೀಗೆ ಇಳಿಯುತ್ತಾ ಏಳನೆಯ ದಿನ ಏಳು, ಒಟ್ಟು ಎಪ್ಪತ್ತು. ಅರಣ್ಯಕಾಂಡ 28 ಮತ್ತು 29ನ್ನು ಓದುವಾಗ ಒಂದು ಮಾತು ಪದೇ ಪದೇ ಬಂದು ಬೇಸರ ಹುಟ್ಟಿಸುತ್ತದೆ: ನಿತ್ಯ ಸರ್ವಾಂಗಹೋಮ ಅಲ್ಲದೆ ಇದು, ನಿತ್ಯ ಸರ್ವಾಂಗಹೋಮ ಅಲ್ಲದೆ ಇದು. ಆ ಬೇಸರದ ಮಾತೇ ನಿಮಗೆ ಬೇಕಾದ ಮಾತು. ಹದಿಮೂರು ಹೋರಿ ಸುಟ್ಟ ದಿನವೂ ಬೆಳಗಿನ ಒಂದು ಮರಿ, ಸಂಜೆಯ ಒಂದು ಮರಿ ತಪ್ಪುವಂತಿರಲಿಲ್ಲ. ಹಬ್ಬ ನಿತ್ಯದ ಮೇಲೆ ಕೂಡುತ್ತಿತ್ತು, ನಿತ್ಯದ ಜಾಗಕ್ಕೆ ಬರುತ್ತಿರಲಿಲ್ಲ. ಕನ್ವೆನ್ಷನ್ ಕೂಟದ ಮೂರು ರಾತ್ರಿ ನಿಮ್ಮ ಹೋರಿಗಳು. ಅವು ಒಳ್ಳೆಯವು, ಬಿಡಬೇಡಿ. ಆದರೆ ಅಲ್ಲಿಂದ ಮನೆಗೆ ಬಂದು ದಿನಕ್ಕೆರಡು ಗಂಟೆಯೆಂದು ನಿಶ್ಚಯಿಸುವುದು ದಿನಕ್ಕೊಂದು ಹೋರಿ ತರುತ್ತೇನೆಂದು ಹರಕೆ ಹೊತ್ತ ಹಾಗೆ. ಹಿಂಡು ಎರಡು ವಾರದಲ್ಲಿ ಖಾಲಿಯಾಗುತ್ತದೆ.

ಇನ್ನು ಬೂದಿ. ಯಾಜಕಕಾಂಡ 6:8ರಿಂದ 13ರವರೆಗಿನ ಆರು ವಚನಗಳಲ್ಲಿ ಬೆಂಕಿ ಆರಬಾರದೆಂಬ ಅಪ್ಪಣೆ ಮತ್ತೆ ಮತ್ತೆ ಬರುತ್ತದೆ. ಆ ಅಪ್ಪಣೆಯ ನಡುವೆ ಬೂದಿಯ ವಿಷಯವಿದೆ. ಸಂಜೆಯ ಹೋಮ ರಾತ್ರಿಯೆಲ್ಲ ವೇದಿಯ ಮೇಲೆ ಉರಿಯುತ್ತಿರಬೇಕು. ಬೆಳಗಾದಾಗ ಯಾಜಕನು ನಾರಿನ ನಿಲುವಂಗಿ, ನಾರಿನ ಚಡ್ಡಿ ತೊಟ್ಟು ಬೂದಿಯನ್ನು ತೆಗೆದು ವೇದಿಯ ಪಕ್ಕದಲ್ಲಿಡಬೇಕು. ಆಮೇಲೆ ಆ ಬಟ್ಟೆ ಬಿಚ್ಚಿ ಬೇರೆ ಬಟ್ಟೆ ಹಾಕಿಕೊಂಡು ಬೂದಿಯನ್ನು ಪಾಳೆಯದ ಹೊರಗೆ ಶುದ್ಧವಾದ ಸ್ಥಳಕ್ಕೆ ಒಯ್ಯಬೇಕು. ಬೆಳಿಗ್ಗೆ ಬೆಳಿಗ್ಗೆ ವೇದಿಯ ಮೇಲೆ ಕಟ್ಟಿಗೆ ಹಾಕಬೇಕು. ಬೆಂಕಿ ಆರದಿರುವುದು ಈ ಕೆಲಸಗಳಿಂದ. ಸೌದೆ ಒಲೆ ಉರಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ: ಬೂದಿ ತುಂಬಿದ ಒಲೆಗೆ ಎಷ್ಟು ಒಳ್ಳೆಯ ಸೌದೆ ಹಾಕಿದರೂ ಗಾಳಿ ಆಡದೆ ಹೊಗೆಯಾಡುತ್ತದೆಯೇ ಹೊರತು ಉರಿಯುವುದಿಲ್ಲ. ಮೊದಲ ಬೆಂಕಿ ಯೆಹೋವನ ಸನ್ನಿಧಿಯಿಂದ ಹೊರಟಿತು ಎಂದು 9ನೇ ಅಧ್ಯಾಯದ ಕೊನೆಯ ವಚನ ಹೇಳುತ್ತದೆ. ಹೊತ್ತಿಸಿದ್ದು ದೇವರು. ಬೂದಿ ತೆಗೆದು ಕಟ್ಟಿಗೆ ಒಟ್ಟುವ ಕೆಲಸವನ್ನು ಮಾತ್ರ ಆತ ಮನುಷ್ಯರಿಗೆ ಬಿಟ್ಟ. ಬೆಂಕಿ ಬೀಳಲಿ ಎಂದು ರಾತ್ರಿಯಿಡೀ ಕೂಗುವ ನಾವು ಬೆಳಗಿನ ಈ ಕೆಲಸವನ್ನು ಕೀಳೆಂದು ಎಣಿಸುತ್ತೇವೆ. ಯಾಜಕನಾದರೋ ಅದನ್ನು ಪವಿತ್ರ ವಸ್ತ್ರ ಧರಿಸಿ ಮಾಡುತ್ತಿದ್ದ.

ಸೆರೆಯಿಂದ ಬಂದ ಮೇಲೆ ಯೆರೂಸಲೇಮಿನಲ್ಲಿ ಮತ್ತೆ ಕಟ್ಟಿದ ಎರಡನೆಯ ದೇವಾಲಯದ ಕಾಲದಲ್ಲಿ ಇದು ಹೇಗೆ ನಡೆಯುತ್ತಿತ್ತು ಎಂಬುದು ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಯೆಹೂದ್ಯರ ವಿಧಿಗ್ರಂಥವಾದ ಮಿಷ್ನಾದಲ್ಲಿ, ತಾಮೀದ್ ಎಂಬ ಭಾಗದಲ್ಲಿ ಇದೆ. ಚೀಟಿ ಬಿದ್ದ ಯಾಜಕನು ಇನ್ನೂ ಕತ್ತಲಿರುವಾಗ ಒಬ್ಬನೇ ಒಳಗೆ ಹೋಗುತ್ತಾನೆ. ಕೈಯಲ್ಲಿ ದೀಪವಿಲ್ಲ, ವೇದಿಯ ಮೇಲಿನ ಕೆಂಡದ ಬೆಳಕೇ ದಾರಿ. ಜೊತೆಯವರಿಗೆ ಅವನು ಕಾಣಿಸುವುದಿಲ್ಲ. ಕೈಕಾಲು ತೊಳೆಯುವ ಬೋಗುಣಿಯ ಮರದ ಯಂತ್ರ ತಿರುಗಿದ ಸದ್ದು ಕೇಳಿದಾಗ, ಹೊತ್ತಾಯಿತು ಎಂದು ಅವರು ತಿಳಿದುಕೊಳ್ಳುತ್ತಾರೆ. ಅವನು ಕೈಕಾಲು ತೊಳೆದು, ಬೆಳ್ಳಿಯ ಸಲಿಕೆ ಹಿಡಿದು ಮೇಲೇರಿ, ಕೆಂಡಗಳನ್ನು ಆಚೆಈಚೆ ಸರಿಸಿ, ಒಳಗೆ ಚೆನ್ನಾಗಿ ಸುಟ್ಟಿದ್ದನ್ನು ಗೋರಿಕೊಂಡು ಇಳಿಯುತ್ತಾನೆ. ಈ ಕೆಲಸಕ್ಕೆ ಒಂದು ಕಾಲದಲ್ಲಿ ಯಾಜಕರು ಓಡಿ ಪೈಪೋಟಿ ಮಾಡುತ್ತಿದ್ದರಂತೆ. ಓಟದಲ್ಲಿ ಒಬ್ಬನು ಇನ್ನೊಬ್ಬನನ್ನು ತಳ್ಳಿ ಕಾಲು ಮುರಿದ ಮೇಲೆ ಚೀಟಿ ಹಾಕುವ ಕ್ರಮ ಬಂತು ಎಂದು ಯೋಮಾ ಎಂಬ ಭಾಗ ಹೇಳುತ್ತದೆ. ಬೂದಿ ತೆಗೆಯಲು ಪೈಪೋಟಿ! ಕಟ್ಟಿಗೆಯ ವಿಷಯದಲ್ಲೂ ಅಷ್ಟೇ ನಿಗಾ. ಆಲಿವ್ ಮತ್ತು ದ್ರಾಕ್ಷಿಯ ಕಟ್ಟಿಗೆ ಬಳಸುತ್ತಿರಲಿಲ್ಲ. ಹುಳು ಹಿಡಿದ ಕಟ್ಟಿಗೆ ವೇದಿಗೆ ಸಲ್ಲದು. ಅಂಗದೋಷದಿಂದಾಗಿ ವೇದಿಯ ಸೇವೆ ಮಾಡಲಾಗದ ಯಾಜಕರು ಕೂತು ಒಂದೊಂದು ಕೊರಡನ್ನೂ ಪರೀಕ್ಷಿಸುತ್ತಿದ್ದರು. ಬೆಳಗಿನ ಮರಿಯನ್ನು ಹಿಂದಿನ ಸಂಜೆಯೇ ನೋಡಿಟ್ಟಿದ್ದರೂ ಪಂಜಿನ ಬೆಳಕಿನಲ್ಲಿ ಮತ್ತೊಮ್ಮೆ ನೋಡುತ್ತಿದ್ದರು. ಬೆಳಗಿನ ಸೇವೆಯ ಕೆಲಸಗಳನ್ನು ಹದಿಮೂರು ಮಂದಿಗೆ ಹಂಚುತ್ತಿದ್ದರು. ಅಂಗಗಳನ್ನು ಏರುದಾರಿಯ ಮೇಲಿಟ್ಟು ಉಪ್ಪು ಹಾಕಿದ ಮೇಲೆ ಅವರೆಲ್ಲ ಒಂದು ಕೋಣೆಗೆ ಹೋಗಿ ದಶಾಜ್ಞೆಗಳನ್ನೂ, ಇಸ್ರಾಯೇಲೇ ಕೇಳು ಎಂಬ ವಾಕ್ಯವನ್ನೂ ಹೇಳಿ ಪ್ರಾರ್ಥಿಸಿ, ಆಮೇಲೆ ಮುಂದಿನ ಕೆಲಸಕ್ಕೆ ತೊಡಗುತ್ತಿದ್ದರು.

ಇದನ್ನು ನಿಮ್ಮ ದಿನಕ್ಕೆ ತರುವುದು ಹೇಗೆ? ಇಪ್ಪತ್ತು ನಿಮಿಷದ ಒಂದು ಕ್ರಮ ಹೇಳುತ್ತೇನೆ. ಮೊದಲು ಬೂದಿ, ಮೂರು ನಾಲ್ಕು ನಿಮಿಷ. ನಿನ್ನೆಯದರಲ್ಲಿ ಉಳಿದದ್ದೇನು? ಸಹೋದ್ಯೋಗಿಯ ಮೇಲಿನ ಸಿಟ್ಟು, ರೋಗಿಯ ಮನೆಯವರಿಗೆ ಆಡಿದ ಒರಟು ಮಾತು, ಮುಚ್ಚಿಟ್ಟ ತಪ್ಪು, ಅಥವಾ ನಿನ್ನೆ ಪ್ರಾರ್ಥನೆ ಚೆನ್ನಾಗಿ ಆಯಿತೆಂಬ ಹೆಮ್ಮೆ ಕೂಡ. ಹೆಸರಿಟ್ಟು ಹೇಳಿ. ‘ನನ್ನ ಪಾಪಗಳನ್ನೆಲ್ಲ ಕ್ಷಮಿಸು’ ಎಂಬ ಒಟ್ಟು ಮಾತು ಬೂದಿಯನ್ನು ಕೆದಕುತ್ತದೆ, ತೆಗೆಯುವುದಿಲ್ಲ. ಯಾರ ಬಳಿಯಾದರೂ ಸರಿಪಡಿಸಿಕೊಳ್ಳಬೇಕಾದದ್ದಿದ್ದರೆ ಇಂದೇ ಯಾವ ಹೊತ್ತಿಗೆ ಮಾತಾಡುತ್ತೇನೆ ಎಂದು ನಿಶ್ಚಯಿಸಿ. ಪಾಳೆಯದ ಹೊರಗೆ ಒಯ್ಯುವುದೆಂದರೆ ಅದು. ಇದನ್ನು ಅರ್ಧ ಗಂಟೆ ಎಳೆಯಬೇಡಿ. ಯಾಜಕನು ಬೂದಿಯ ಪಕ್ಕದಲ್ಲೇ ಕುಳಿತುಬಿಡುತ್ತಿರಲಿಲ್ಲ.

ಆಮೇಲೆ ಕಟ್ಟಿಗೆ, ಏಳೆಂಟು ನಿಮಿಷ. ವಾಕ್ಯಭಾಗವನ್ನು ಬೆಳಿಗ್ಗೆ ಹುಡುಕಬಾರದು, ಹಿಂದಿನ ರಾತ್ರಿಯೇ ಗುರುತು ಹಾಕಿಡಬೇಕು. ನಿದ್ದೆಗಣ್ಣಿನಲ್ಲಿ ಪುಟ ತಿರುವುತ್ತಾ ಹೋದರೆ ಕೈ ಫೋನಿಗೆ ಹೋಗುತ್ತದೆ, ಹತ್ತು ನಿಮಿಷ ಅಲ್ಲೇ ಕಳೆಯುತ್ತದೆ. ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. ಹದಿನಾರು ಅಧ್ಯಾಯ, ದಿನಕ್ಕೆ ಅರ್ಧದಂತೆ ಒಂದು ತಿಂಗಳಿನಲ್ಲಿ ಮುಗಿಯುತ್ತದೆ. ಯಾಜಕಕಾಂಡವನ್ನು ಬಿಡಬೇಕೆಂದಲ್ಲ, ಅದನ್ನು ರಜೆಯ ದಿನ ಬಿಡುವಾಗಿ ಓದಿ. ಇನ್ನೊಂದು ಮಾತು: ನಿನ್ನೆ ಕೇಳಿದ ಪ್ರಸಂಗದ ನೆನಪು, ವಾಟ್ಸ್ಆ್ಯಪ್‌ನಲ್ಲಿ ಬಂದ ದಿನದ ವಚನ, ಇವು ಬೇರೆಯವರು ಒಟ್ಟಿದ ಕಟ್ಟಿಗೆ. ಚಳಿ ಕಾಯಿಸಿಕೊಳ್ಳಲು ಆದೀತು. ನಿಮ್ಮ ವೇದಿಗೆ ನೀವೇ ತಂದದ್ದು ಬೇಕು.

ಮೂರನೆಯದು ಮರಿ. ಇಲ್ಲಿ ಹೆಚ್ಚಿನವರು ಎಡವುವುದು ಪ್ರಾರ್ಥನೆ ವಿಶಾಲವಾಗಿರುವುದರಿಂದ. ‘ನನ್ನ ಜೀವನವನ್ನೆಲ್ಲ ಕೊಡುತ್ತೇನೆ’ ಎಂಬ ಮಾತು ನಿಜವಾಗಿರಬಹುದು, ಆದರೆ ಅದರಲ್ಲಿ ಹಿಡಿಯಲು ಏನೂ ಇಲ್ಲ. ಯಾಜಕಕಾಂಡದವನು ಒಂದು ನಿರ್ದಿಷ್ಟ ಪ್ರಾಣಿಯ ತಲೆಯ ಮೇಲೆ ಕೈಯಿಟ್ಟ. ನೀವು ಇಂದಿನ ದಿನದಲ್ಲಿ ಒಂದನ್ನು ಆರಿಸಿ ಅದರ ಮೇಲೆ ಕೈಯಿಡಿ: ಇಂದಿನ ವಾರ್ಡು, ಇಂದು ಬರುವ ಸಂಬಳದ ಒಂದು ಪಾಲು, ಮಗನೊಡನೆ ಕಳೆಯಬೇಕಾದ ಆ ಒಂದು ಗಂಟೆ, ಬಿಡಲು ಮನಸ್ಸಾಗದ ಒಂದು ಯೋಜನೆ. ಇದರಲ್ಲಿ ನನ್ನ ಪಾಲು ಉಳಿಸಿಕೊಳ್ಳುವುದಿಲ್ಲ, ಹೊಗಳಿಕೆಯನ್ನೂ ಕೇಳುವುದಿಲ್ಲ ಎಂದು ಹೇಳಿ ಒಪ್ಪಿಸಿ. ಹಿಟ್ಟು, ಎಣ್ಣೆ, ದ್ರಾಕ್ಷಾರಸ ಮರಿಯ ಜೊತೆಗೇ ಹೋಗುತ್ತಿದ್ದವು; ಅವು ಹೊಲದ, ತೋಟದ ಫಲ. ಹಾಗೆ ಕೃತಜ್ಞತೆಯೂ ಇರಲಿ, ಅದೂ ಹೆಸರಿಟ್ಟು. ಕೊನೆಯ ಐದು ನಿಮಿಷ ಇತರರಿಗಾಗಿ. ಯೋಬನು ತನ್ನ ಮಕ್ಕಳ ಹೆಸರಿನಲ್ಲಿ ಮುಂಜಾನೆ ಎದ್ದು ಒಬ್ಬೊಬ್ಬರಿಗಾಗಿ ಸರ್ವಾಂಗಹೋಮ ಅರ್ಪಿಸುತ್ತಿದ್ದ, ಅವರ ಔತಣದ ಸರದಿ ಮುಗಿದಾಗಲೆಲ್ಲ ಅದು ಅವನ ಪದ್ಧತಿಯಾಗಿತ್ತು.

ಸಂಜೆಯದು ಇನ್ನೂ ಚಿಕ್ಕದಾಗಿರಲಿ, ಏಳೆಂಟು ನಿಮಿಷ ಸಾಕು, ಆದರೆ ಬಿಡಬೇಡಿ. 119ನೇ ಕೀರ್ತನೆಯಲ್ಲಿ ಎಂಟೆಂಟು ವಚನಗಳ ಇಪ್ಪತ್ತೆರಡು ಭಾಗಗಳಿವೆ. ಸಂಜೆಗೊಂದರಂತೆ ಇಪ್ಪತ್ತೆರಡು ಸಂಜೆ ಆಗುತ್ತದೆ. ನಮ್ಮಲ್ಲಿ ಬೆಳಗಿನ ಧ್ಯಾನಕ್ಕೆ ಕೊಟ್ಟ ಮಹತ್ವವನ್ನು ಸಂಜೆಗೆ ಕೊಟ್ಟಿಲ್ಲ. ಸತ್ಯವೇದವಾದರೋ ಸಂಜೆಯ ಹೊತ್ತನ್ನು ಮತ್ತೆ ಮತ್ತೆ ಹೆಸರಿಸುತ್ತದೆ. ಕರ್ಮೆಲ್ ಬೆಟ್ಟದಲ್ಲಿ ಎಲೀಯನು ಪ್ರಾರ್ಥಿಸಿದ್ದು ಸಂಜೆಯ ಅರ್ಪಣೆಯ ಹೊತ್ತಿಗೆ. ಎಜ್ರನು ಮೊಣಕಾಲೂರಿದ್ದು ಅದೇ ಹೊತ್ತಿಗೆ. ಪೇತ್ರ ಯೋಹಾನರು ದೇವಾಲಯಕ್ಕೆ ಹೋಗುತ್ತಿದ್ದದ್ದು ಮಧ್ಯಾಹ್ನ ಮೂರು ಗಂಟೆಯ ಪ್ರಾರ್ಥನೆಗೆ. ದಾನಿಯೇಲನದು ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಕಲಕುವ ಸಂಗತಿ. ಕ್ರಿ.ಪೂ. 586ರಲ್ಲಿ ದೇವಾಲಯ ಸುಟ್ಟುಹೋಗಿದೆ, ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅಲ್ಲಿ ಕುರಿಮರಿಯೂ ಇಲ್ಲ, ಬೆಂಕಿಯೂ ಇಲ್ಲ. ಆದರೂ ಬಾಬೆಲಿನಲ್ಲಿ ಕುಳಿತ ಆ ಮುದುಕ, ದೇವದೂತ ಗಬ್ರಿಯೇಲನು ತನ್ನ ಬಳಿಗೆ ಬಂದದ್ದು ಸಂಜೆಯ ಅರ್ಪಣೆಯ ಹೊತ್ತಿನಲ್ಲಿ ಎಂದು ಬರೆಯುತ್ತಾನೆ. ಕ್ರಿ.ಶ. 70ರಲ್ಲಿ ಎರಡನೆಯ ದೇವಾಲಯವೂ ಹೋದ ಮೇಲೆ ಯೆಹೂದ್ಯರು ಬೆಳಗಿನ ಶಹರಿತ್, ಮಧ್ಯಾಹ್ನದ ಮಿನ್ಹಾ ಎಂಬ ಪ್ರಾರ್ಥನೆಗಳನ್ನು ಈ ಎರಡು ಮರಿಗಳ ಹೊತ್ತಿಗೆ ಹೊಂದಿಸಿಕೊಂಡರು, ಇಂದಿಗೂ ನಡೆಸುತ್ತಿದ್ದಾರೆ. ಆ ಶಿಸ್ತಿನಿಂದ ನಾವು ಕಲಿಯಬೇಕಾದದ್ದು ಬಹಳ.

ಪೂರ್ಣಾಂಗವಾದ ಪ್ರಾಣಿಯ ನಿಯಮದ ಬಗ್ಗೆ ಒಂದು ಸೂಕ್ಷ್ಮ ಮಾತು ಹೇಳಲೇಬೇಕು, ಏಕೆಂದರೆ ದಣಿದ ಜನರನ್ನು ಅದರಿಂದ ಹೊಡೆಯುವವರಿದ್ದಾರೆ. ಯಾಜಕಕಾಂಡ 22ರಲ್ಲಿ ಕುರುಡು, ಮುರಿದ ಅಂಗ, ಗಾಯ, ಕಜ್ಜಿ ಇರುವ ಪ್ರಾಣಿ ಸಲ್ಲದು ಎಂದಿದೆ. ಅಂಥದ್ದನ್ನು ನಿಮ್ಮ ದೇಶಾಧಿಪತಿಗೆ ಕೊಟ್ಟು ನೋಡಿ, ಮೆಚ್ಚುತ್ತಾನೋ ಎಂದು ಮಲಾಕಿಯನು ಕೇಳುತ್ತಾನೆ. ಆದರೆ ಮಲಾಕಿಯನ ಅದೇ ಒಂದನೇ ಅಧ್ಯಾಯದ 14ನೇ ವಚನ ಯಾರನ್ನು ಶಪಿಸುತ್ತದೆ ನೋಡಿ: ಹಿಂಡಿನಲ್ಲಿ ಒಳ್ಳೆಯ ಗಂಡು ಇದ್ದೂ ಕಳಂಕವಾದದ್ದನ್ನು ತರುವ ಮೋಸಗಾರನನ್ನು. ಹನ್ನೆರಡು ಗಂಟೆ ನಿಂತು ಕೆಲಸ ಮಾಡಿ ಬಂದ ನಿಮಗೆ ಉಳಿದಿರುವುದು ಹತ್ತು ನಿಮಿಷದ ಎಚ್ಚರವಾದರೆ ಆ ಹತ್ತು ನಿಮಿಷವೇ ನಿಮ್ಮ ಪೂರ್ಣಾಂಗವಾದ ಮರಿ. ಎರಡು ಗಂಟೆ ಧಾರಾವಾಹಿ ನೋಡಿ, ಕಣ್ಣು ಮುಚ್ಚಿಹೋಗುವಾಗ ಹಾಸಿಗೆಯಲ್ಲಿ ಅರ್ಧ ಪ್ರಾರ್ಥನೆ ಹೇಳುವುದು ಬೇರೆ ವಿಷಯ. ಯಾವುದು ಯಾವುದೆಂದು ಹೊರಗಿನವರು ಹೇಳಲಾರರು. ನಿಮ್ಮ ಹಿಂಡಿನಲ್ಲಿ ಏನಿದೆ ಎಂದು ನಿಮಗೆ ಗೊತ್ತು. ಬೆಲೆ ತೆರುವುದನ್ನು ಮಾತ್ರ ತಪ್ಪಿಸಿಕೊಳ್ಳಬಾರದು. ದಾವೀದ ರಾಜನು ವೇದಿ ಕಟ್ಟಲು ಬಂದಾಗ, ಆ ಜಾಗದ ಒಡೆಯ ಅರೌನನು ಕಣ, ಎತ್ತು, ಕಟ್ಟಿಗೆ ಎಲ್ಲವನ್ನೂ ಸುಮ್ಮನೆ ಕೊಡುತ್ತೇನೆಂದಾಗ ದಾವೀದನು ಒಪ್ಪದೆ ಐವತ್ತು ಶೆಕೆಲ್, ಅಂದರೆ ಅರ್ಧ ಕಿಲೋಗೂ ಮೀರಿದ ಬೆಳ್ಳಿ ತೂಗಿಕೊಟ್ಟ. ತನಗೆ ಏನೂ ಖರ್ಚಿಲ್ಲದ ಸರ್ವಾಂಗಹೋಮ ಅವನಿಗೆ ಬೇಡವಾಗಿತ್ತು.

ಬಡವರ ವಿಷಯವೂ ಇಲ್ಲೇ ಸೇರುತ್ತದೆ. ಹೋರಿ ತರಲಾಗದವನು ಕುರಿಯನ್ನೋ ಆಡನ್ನೋ, ಅದೂ ಆಗದವನು ಬೆಳವಕ್ಕಿಯನ್ನೋ ಪಾರಿವಾಳದ ಮರಿಯನ್ನೋ ತರಬಹುದಿತ್ತು. ಮೂರಕ್ಕೂ ಕೊನೆಯಲ್ಲಿ ಬರುವ ಮಾತು ಒಂದೇ: ಯೆಹೋವನಿಗೆ ಸುವಾಸನೆ. 9, 13, 17ನೇ ವಚನಗಳಲ್ಲಿ ಒಂದಕ್ಷರ ಕಡಿಮೆ ಮಾಡದೆ ಹೇಳಿದೆ. ಮರಿಯಳು ಶಿಶುವಾದ ಯೇಸುವಿನೊಂದಿಗೆ ದೇವಾಲಯಕ್ಕೆ ಬಂದಾಗ ತಂದದ್ದು ಎರಡು ಹಕ್ಕಿ. ಯಾಜಕಕಾಂಡ 12:8ರ ಪ್ರಕಾರ ಅವುಗಳಲ್ಲಿ ಒಂದು ಸರ್ವಾಂಗಹೋಮಕ್ಕೆ.

ಭಕ್ತಿ ಒಳ್ಳೆಯದಾಗಿ ನಡೆಯುವಾಗ ಬರುವ ಅಪಾಯ ಬೇರೆ. ರಾಜ ಸೌಲನು ಗಿಲ್ಗಾಲಿನಲ್ಲಿ ಪ್ರವಾದಿ ಸಮುವೇಲನಿಗಾಗಿ ಏಳು ದಿನ ಕಾದು, ಜನ ಚದರಿಹೋಗುವುದನ್ನು ಕಂಡು ಹೆದರಿ ತಾನೇ ಸರ್ವಾಂಗಹೋಮ ಅರ್ಪಿಸಿದ. ಇನ್ನೊಮ್ಮೆ ನಾಶಮಾಡಬೇಕಾದ ಕುರಿದನಗಳಲ್ಲಿ ಒಳ್ಳೆಯವನ್ನು ಉಳಿಸಿಕೊಂಡು ಯಜ್ಞಕ್ಕೆಂದು ನೆಪ ಹೇಳಿದ. ಮಾಡಬೇಕಾದ ಒಂದು ಕೆಲಸ ಎದುರಿಗಿದ್ದು, ಅದನ್ನು ಬಿಟ್ಟು ಪ್ರಾರ್ಥನೆಯ ಸಮಯವನ್ನು ಹೆಚ್ಚಿಸಿದರೆ ಅದು ಸೌಲನ ಹೋಮ. ರಕ್ತ ತುಂಬಿದ ಕೈಗಳನ್ನು ಚಾಚಿ ಹೋಮದ ಮೇಲೆ ಹೋಮ ಅರ್ಪಿಸುವವರಿಗೆ ಯೆಶಾಯನ ಒಂದನೇ ಅಧ್ಯಾಯ ಹೇಳುವುದು, ಹೋಮ ಹೆಚ್ಚಿಸಿ ಎಂದಲ್ಲ. ಅನಾಥನಿಗೆ ನ್ಯಾಯ ತೀರಿಸಿ, ವಿಧವೆಯ ಪರವಾಗಿ ವಾದಿಸಿ ಎಂದು. ನಿಮ್ಮ ಕೆಲಸದಲ್ಲಿ ರೋಗಿಯ ಗಂಟೆ ಬಾರಿಸಿದಾಗ ಎದ್ದು ಹೋಗುವುದು ಧ್ಯಾನಕ್ಕೆ ಅಡ್ಡಿಯಲ್ಲ.

ದಿನ ತಪ್ಪಿದರೆ ಏನು ಮಾಡಬೇಕು? ತಪ್ಪಿಯೇ ತಪ್ಪುತ್ತದೆ. ಬೆಳಗಿನ ಮರಿ ಅರ್ಪಿಸಲಿಲ್ಲವಾದರೂ ಸಂಜೆಯದನ್ನು ಅರ್ಪಿಸಬೇಕು ಎಂದು ಮಿಷ್ನಾದ ಮೆನಾಹೋತ್ ಭಾಗದಲ್ಲಿ ಇದೆ. ಬೆಳಗ್ಗೆ ಕೆಟ್ಟಿತು, ಇನ್ನು ಸಂಜೆ ಯಾಕೆ ಎಂಬ ಮಾತಿಲ್ಲ. ನೀವೂ ಹಾಗೆಯೇ ಮಾಡಿ: ತಪ್ಪಿದ ಭಾಗಗಳನ್ನು ಮರುದಿನ ಸೇರಿಸಿ ಹೊರೆ ಮಾಡಿಕೊಳ್ಳಬೇಡಿ, ಮುಂದಿನ ಹೊತ್ತಿನದನ್ನು ಅದರ ಅಳತೆಯಲ್ಲೇ ಮಾಡಿ. ತಿಂಗಳುಗಟ್ಟಲೆ ನಿಂತುಹೋಗಿದ್ದರೆ ಎಜ್ರನ ಮೂರನೇ ಅಧ್ಯಾಯ ಓದಿ. ಬಾಬೆಲಿನ ಸೆರೆಯಿಂದ ಹಿಂತಿರುಗಿದವರಿಗೆ ದೇವಾಲಯವಿರಲಿಲ್ಲ, ಅಸ್ತಿವಾರವೂ ಹಾಕಿರಲಿಲ್ಲ, ಸುತ್ತಲಿನ ಜನರ ಭಯ ಬೇರೆ. ಅವರು ಮೊದಲು ವೇದಿಯನ್ನು ಅದರ ಹಳೆಯ ಜಾಗದಲ್ಲಿ ನಿಲ್ಲಿಸಿ ಬೆಳಗಿನ ಮತ್ತು ಸಂಜೆಯ ಹೋಮ ಶುರು ಮಾಡಿದರು. ಕಟ್ಟಡ ಆಮೇಲೆ.

ಕೊನೆಗೆ ನಿಮ್ಮ ಪಾಳಿಯ ವಿಷಯ. ರಾತ್ರಿ ಪಾಳಿಯ ವಾರದಲ್ಲಿ ಬೆಳಗಿನ ಐದು ಗಂಟೆಯನ್ನು ಹಿಡಿಯಲು ಹೋಗಬೇಡಿ. ದಿನದ ಎರಡು ತುದಿಗಳನ್ನು ಹಿಡಿಯಿರಿ. ಪಾಳಿಗೆ ಹೊರಡುವ ಮುಂಚಿನ ಇಪ್ಪತ್ತು ನಿಮಿಷ ನಿಮಗೆ ಬೆಳಗಿನ ಹೊತ್ತು. ಪಾಳಿ ಮುಗಿಸಿ ಮನೆಗೆ ಬಂದು, ಸ್ನಾನ ಮಾಡಿ, ಮಲಗುವ ಮೊದಲಿನ ಏಳೆಂಟು ನಿಮಿಷ ನಿಮಗೆ ಸಂಜೆ. ಪಾಳಿಯ ಪಟ್ಟಿ ಕೈಗೆ ಬಂದ ದಿನವೇ ಆ ವಾರದ ಎರಡೂ ಹೊತ್ತುಗಳನ್ನು ಅದರ ಅಂಚಿನಲ್ಲಿ ಬರೆದಿಡಿ, ಪಕ್ಕದಲ್ಲಿ ಓದುವ ಭಾಗವನ್ನೂ ಬರೆಯಿರಿ. ಪಾಳಿ ಬದಲಾಗುವ ದಿನವೇ ಹೆಚ್ಚಾಗಿ ತಪ್ಪುವುದು. ಆ ದಿನಕ್ಕೆ ಮಾರ್ಕನನ್ನು ಬಿಟ್ಟು ಒಂದು ಚಿಕ್ಕ ಕೀರ್ತನೆ ಇಟ್ಟುಕೊಳ್ಳಿ, 131 ಅಥವಾ 134, ಎರಡಕ್ಕೂ ಮೂರು ಮೂರೇ ವಚನ. ಮೊದಲ ಎರಡು ತಿಂಗಳು ಸಮಯ ಹೆಚ್ಚಿಸುವ ಆಸೆ ಬಂದರೂ ಹೆಚ್ಚಿಸಬೇಡಿ. ಅಷ್ಟು ದಿನ ಈ ಅಳತೆಯಲ್ಲಿ ನಡೆದ ಮೇಲೆ ಭಾನುವಾರಕ್ಕೆ ಮಾತ್ರ ಹೆಚ್ಚು ಹೊತ್ತು ಸೇರಿಸಿ. ಸಬ್ಬತ್ತಿಗೂ ಎರಡೇ ಮರಿ ಹೆಚ್ಚಿಗೆ ಇದ್ದದ್ದು, ನಿತ್ಯದ ಎರಡರ ಜೊತೆಗೆ.